23 ವರ್ಷದ ಮೇಲೆ ಬಂದ ಪದಕ



ಹಗಲೆಲ್ಲ ದುಡಿದು ಬಂದಿದ್ದೀರಿ. ಕೆಲವರು ಕಾಫಿ ತೋಟದಿಂದ ಬಂದಿದ್ದೀರಿ. ಕೆಲವರು ಗದ್ದೆಯಿಂದ ಬಂದಿದ್ದೀರಿ. ಮಕ್ಕಳಿಗೆ ಊಟ ಹಾಕಿ, ಪಾತ್ರೆ ತೊಳೆದಿಟ್ಟು ಬಂದವರೂ ಇದ್ದೀರಿ. ಆದರೂ ಪುಸ್ತಕ ಹಿಡಿದು ಕೂತಿದ್ದೀರಿ. ನಮಗೆ ಸಂತೋಷ.

ಇವತ್ತು ನಾವು ಒಬ್ಬ ಸೈನಿಕರ ವಿಷಯ ಮಾತಾಡೋಣ. "ಯುದ್ಧದ ಕಥೆ ನಮಗ್ಯಾಕೆ? ಅದು ಗಂಡಸರ ಕಥೆ ಅಲ್ವಾ?" ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಪೂರ್ತಿ ಕೇಳಿ. ಇದರಲ್ಲಿ ಯುದ್ಧ ಇದೆ. ಶೌರ್ಯ ಇದೆ. ಕಾದು ಕೂತ ಒಬ್ಬ ಹೆಂಗಸೂ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಬರೆದಿಟ್ಟ ಮಾತಿಗೆ ಎಷ್ಟು ಬೆಲೆ ಅನ್ನೋದು ಇದರಲ್ಲಿ ಇದೆ.

ಸರ್ಕಲ್ಲಿನ ಹೆಸರು

ಮಡಿಕೇರಿಗೆ ಹೋದವರು ಹಳೆಯ ಖಾಸಗಿ ಬಸ್ ನಿಲ್ದಾಣದ ಹತ್ತಿರ ಒಂದು ಸರ್ಕಲ್ ನೋಡಿರುತ್ತೀರಿ. ಅಲ್ಲಿ ಒಂದು ಪ್ರತಿಮೆ ಇದೆ. ಎಷ್ಟೋ ಸಲ ಅದರ ಮುಂದೆಯೇ ನಡೆದು ಹೋಗಿರುತ್ತೀರಿ. ಕೈಯಲ್ಲಿ ಸಂತೆ ಚೀಲ. ಕಣ್ಣು ಬಸ್ಸಿನ ಮೇಲೆ. ಯಾರ ಪ್ರತಿಮೆ ಅಂತ ನೋಡಲು ಪುರುಸೊತ್ತು ಎಲ್ಲಿ? ಓದಲು ಬಾರದೆ ಇದ್ದಾಗ ನೋಡಿದ್ದರೂ ಏನು ಗೊತ್ತಾಗುತ್ತಿತ್ತು?

ಈಗ ನಿಮಗೆ ಓದಲು ಬರುತ್ತದೆ. ಆ ಸರ್ಕಲ್ಲಿಗೆ ಇಟ್ಟಿರುವುದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು.

ಉದ್ದದ ಹೆಸರು. ಬಿಡಿಸಿ ಓದೋಣ. 'ಸ್ಕ್ವಾ' ಅನ್ನುವ ಅಕ್ಷರ ಸ್ವಲ್ಪ ಕಷ್ಟ. ಸ ಅಕ್ಷರಕ್ಕೆ ಕ ಒತ್ತು, ವ ಒತ್ತು, ಮೇಲೆ ದೀರ್ಘ. ಎರಡು ಸಲ ಓದಿದರೆ ನಾಲಿಗೆಗೆ ಬರುತ್ತದೆ. ಸ್ಕ್ವಾಡ್ರನ್ ಲೀಡರ್ ಅನ್ನೋದು ವಾಯುಸೇನೆಯ ಒಂದು ಹುದ್ದೆ. ಅಜ್ಜಮಾಡ ಅನ್ನೋದು ಅವರ ಒಕ್ಕದ ಹೆಸರು. ಬೋಪಯ್ಯ ಅವರ ತಂದೆಯ ಹೆಸರು. ದೇವಯ್ಯ ಅವರ ಸ್ವಂತ ಹೆಸರು.

ವಾಯುಸೇನೆ ಅಂದರೇನು? ನೆಲದ ಮೇಲೆ ಹೋರಾಡುವುದು ಭೂಸೇನೆ. ಸಮುದ್ರದಲ್ಲಿ ಹೋರಾಡುವುದು ನೌಕಾಸೇನೆ. ವಿಮಾನ ಹಾರಿಸಿ ಆಕಾಶದಲ್ಲಿ ಹೋರಾಡುವುದು ವಾಯುಸೇನೆ.

ದೇವಯ್ಯನವರು ಹುಟ್ಟಿದ್ದು 1932ನೇ ಇಸವಿ ಡಿಸೆಂಬರ್ 24ರಂದು. 1954ರಲ್ಲಿ ವಾಯುಸೇನೆ ಸೇರಿದರು. ವಿಮಾನ ಹಾರಿಸಲು ಕಲಿತರು. ಚೆನ್ನಾಗಿ ಕಲಿತರು. ಆಮೇಲೆ ಬೇರೆಯವರಿಗೆ ಕಲಿಸುವ ಮೇಷ್ಟ್ರೂ ಆದರು.

ನಮ್ಮ ಕೊಡಗಿನಿಂದ ಸೈನ್ಯಕ್ಕೆ ಹೋಗೋದು ಹೊಸ ವಿಷಯ ಅಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ನಮ್ಮವರು. ಜನರಲ್ ತಿಮ್ಮಯ್ಯ ನಮ್ಮವರು. ಊರೂರಲ್ಲೂ ಮಾಜಿ ಸೈನಿಕರು ಇದ್ದಾರೆ. ನಿಮ್ಮಲ್ಲೇ ಎಷ್ಟೋ ಜನರ ಅಣ್ಣ, ತಮ್ಮ, ಗಂಡ, ಮಗ ಸೈನ್ಯದಲ್ಲಿ ಇರಬಹುದು. ಆದರೆ ದೇವಯ್ಯನವರ ಕಥೆ ಬೇರೆ. ಅವರು ದೊಡ್ಡ ಸಾಹಸ ಮಾಡಿದರು. ಆ ಸಾಹಸದ ವಿಷಯ ಎಷ್ಟೋ ವರ್ಷ ಅವರ ಸೇನೆಗೇ ಗೊತ್ತಿರಲಿಲ್ಲ. ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಅದು ಹೇಗೆ? ತಿಳಿಯಬೇಕಾದರೆ ಅದೇ ಯುದ್ಧದ ಇನ್ನಿಬ್ಬರ ಕಥೆ ಮೊದಲು ಕೇಳಬೇಕು.

ಟ್ಯಾಂಕಿನ ಅಧಿಕಾರಿ

ಅದು 1965ನೇ ಇಸವಿ. ಕಾಶ್ಮೀರದ ವಿಷಯಕ್ಕೆ ಭಾರತಕ್ಕೂ ಪಾಕಿಸ್ತಾನಕ್ಕೂ ಯುದ್ಧ ಹತ್ತಿತು. ಸೆಪ್ಟೆಂಬರ್ ತಿಂಗಳಲ್ಲಿ ಯುದ್ಧ ಜೋರಾಯಿತು. ಸೆಪ್ಟೆಂಬರ್ ಅಂದರೆ ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದ ತಿಂಗಳು. ನಾಟಿ ಕೆಲಸ ಮುಗಿದಿರುತ್ತದೆ. ಕೋವಿ, ಒಡಿಕತ್ತಿಗೆ ಹೂ ಇಟ್ಟು ಪೂಜೆ ಮಾಡುವ ಹೊತ್ತು. ಅದೇ ದಿನಗಳಲ್ಲಿ ದೂರದ ಗಡಿಯಲ್ಲಿ ಗುಂಡಿನ ಮಳೆ ಸುರಿಯುತ್ತಿತ್ತು.

ನೆಲದ ಮೇಲೆ ಟ್ಯಾಂಕುಗಳ ಯುದ್ಧ ನಡೆಯಿತು. ಟ್ಯಾಂಕ್ ಅಂದರೆ ನೀರಿನ ಟ್ಯಾಂಕ್ ಅಲ್ಲ! ಇದು ಯುದ್ಧದ ಟ್ಯಾಂಕ್. ರಸ್ತೆ ಕೆಲಸಕ್ಕೆ ಬರುವ ಹಿಟಾಚಿ ನೋಡಿದ್ದೀರಲ್ಲ? ಅದಕ್ಕೆ ಟೈರು ಇಲ್ಲ. ಕಬ್ಬಿಣದ ಪಟ್ಟಿಯ ಮೇಲೆ ಉರುಳುತ್ತದೆ. ಟ್ಯಾಂಕೂ ಹಾಗೇ. ಸುತ್ತ ದಪ್ಪ ಉಕ್ಕಿನ ಗೋಡೆ. ಮೇಲೆ ಉದ್ದ ಮೂತಿಯ ತೋಪು. ಒಳಗೆ ಇಕ್ಕಟ್ಟು. ಸೆಕೆ. ಅಂಥ ಜಾಗದಲ್ಲಿ ನಾಲ್ಕು ಜನ ಕೂರುತ್ತಾರೆ. ಒಬ್ಬ ಓಡಿಸುತ್ತಾನೆ. ಒಬ್ಬ ತೋಪಿಗೆ ಗುಂಡು ತುಂಬುತ್ತಾನೆ. ಒಬ್ಬ ಗುರಿ ಇಟ್ಟು ಹೊಡೆಯುತ್ತಾನೆ. ನಾಲ್ಕನೆಯವನು ಮುಂದಾಳು. ಎಲ್ಲಿಗೆ ಹೋಗಬೇಕು, ಯಾರಿಗೆ ಹೊಡೆಯಬೇಕು ಅಂತ ಅವನು ಹೇಳುತ್ತಾನೆ.

ಟ್ಯಾಂಕ್ ನೋಡಬೇಕು ಅಂದರೆ ಬಹಳ ದೂರ ಹೋಗಬೇಕಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್' ಇದೆ. 2021ರಲ್ಲಿ ಅದು ವಸ್ತು ಸಂಗ್ರಹಾಲಯ ಆಯಿತು. ಅದರ ಅಂಗಳದಲ್ಲಿ ಒಂದು ಹಳೆಯ ಟ್ಯಾಂಕ್ ನಿಲ್ಲಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

1965ರ ಯುದ್ಧದಲ್ಲಿ ಒಬ್ಬ ಟ್ಯಾಂಕ್ ಅಧಿಕಾರಿ ಇದ್ದರು. ಅವರ ಹೆಸರು ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ತಾರಾಪೋರ್. ಹುಟ್ಟಿದ್ದು ಮುಂಬಯಿಯಲ್ಲಿ, 1923ರಲ್ಲಿ. 'ಪೂನಾ ಹಾರ್ಸ್' ಅನ್ನುವ ಪಡೆಗೆ ಅವರು ಮುಖ್ಯಸ್ಥರು. ಆ ಪಡೆಯವರು ಮೊದಲು ಕುದುರೆ ಮೇಲೆ ಹೋರಾಡುತ್ತಿದ್ದರು. ಆಮೇಲೆ ಟ್ಯಾಂಕ್ ಬಂತು. ಆದರೂ ಕುದುರೆಯ ಹೆಸರು ಉಳಿಯಿತು.

ಸೆಪ್ಟೆಂಬರ್ 11ರಂದು ಸಿಯಾಲ್‌ಕೋಟ್ ಕಡೆಯ ಫಿಲ್ಲೋರಾ ಎಂಬ ಊರಿನ ಹತ್ತಿರ ದೊಡ್ಡ ಹೋರಾಟ ಆಯಿತು. ತಾರಾಪೋರ್ ಅವರಿಗೆ ಪೆಟ್ಟಾಯಿತು. "ಹಿಂದಕ್ಕೆ ಹೋಗಿ, ಚಿಕಿತ್ಸೆ ತಗೊಳ್ಳಿ" ಅಂತ ಹೇಳಿದರೂ ಹೋಗಲಿಲ್ಲ. ಗಾಯ ಇಟ್ಟುಕೊಂಡೇ ಐದು ದಿನ ಪಡೆಯನ್ನು ನಡೆಸಿದರು. ಅವರ ಟ್ಯಾಂಕಿಗೆ ಮತ್ತೆ ಮತ್ತೆ ಗುಂಡು ಬಡಿಯಿತು. ಸೆಪ್ಟೆಂಬರ್ 16ರಂದು ಅವರ ಟ್ಯಾಂಕಿಗೆ ಬೆಂಕಿ ಹತ್ತಿ ಅವರು ತೀರಿಕೊಂಡರು. ಅವರ ಪಡೆ ಎದುರಾಳಿಯ ಸುಮಾರು 60 ಟ್ಯಾಂಕ್‌ಗಳನ್ನು ಹಾಳು ಮಾಡಿತ್ತು. ಅವರ ಕಡೆ ಹೋದದ್ದು 9 ಟ್ಯಾಂಕ್.

ತಾರಾಪೋರ್ ಅವರಿಗೆ ಪರಮ ವೀರ ಚಕ್ರ ಸಿಕ್ಕಿತು. ಯುದ್ಧದ ಶೌರ್ಯಕ್ಕೆ ನಮ್ಮ ದೇಶ ಕೊಡುವ ಅತಿ ದೊಡ್ಡ ಪದಕ ಅದು. ಪದಕ ಬರಲು ತಡ ಆಗಲಿಲ್ಲ. ಯಾಕೆ? ಅವರ ಪಕ್ಕದಲ್ಲಿ ಜನ ಇದ್ದರು. ಹಿಂದೆ ಟ್ಯಾಂಕ್‌ಗಳ ಸಾಲು ಇತ್ತು. ಅವರು ಮಾಡಿದ್ದನ್ನು ನೂರಾರು ಜನ ಕಣ್ಣಾರೆ ಕಂಡರು. ಕಂಡವರು ವರದಿ ಬರೆದರು. ವರದಿ ಮೇಲಕ್ಕೆ ಹೋಯಿತು.

ಈ ಮಾತು ನೆನಪಿಡಿ. ಕಂಡವರು ಇದ್ದರು. ಬರೆದರು.

ರೇಡಿಯೋದಲ್ಲಿ ಬಂದ ಹೆಸರು

ಇನ್ನೊಬ್ಬರ ಕಥೆ ನಮ್ಮ ಮಡಿಕೇರಿಯದೇ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದ ಕಾರ್ಯಪ್ಪ ವಾಯುಸೇನೆಯಲ್ಲಿ ಪೈಲಟ್ ಆಗಿದ್ದರು. ಸೆಪ್ಟೆಂಬರ್ 22ರಂದು ಅವರ ವಿಮಾನಕ್ಕೆ ಗುಂಡು ಬಿತ್ತು. ಅವರು ಹೊರಗೆ ಹಾರಿ ಬದುಕಿಕೊಂಡರು. ಆದರೆ ಬಿದ್ದದ್ದು ಪಾಕಿಸ್ತಾನದ ನೆಲದಲ್ಲಿ. ಸೆರೆಯಾದರು. ಮಾರನೇ ದಿನವೇ ಯುದ್ಧ ನಿಂತಿತು!

ಆಗ ಪಾಕಿಸ್ತಾನವನ್ನು ಆಳುತ್ತಿದ್ದವರು ಅಯೂಬ್ ಖಾನ್. ದೇಶ ಎರಡಾಗುವ ಮೊದಲು ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಸೆರೆಸಿಕ್ಕವರು ಯಾರ ಮಗ ಅಂತ ಅವರಿಗೆ ಗೊತ್ತಾಯಿತು. ರೇಡಿಯೋದಲ್ಲೂ ಸುದ್ದಿ ಬಂತು. "ನಿಮ್ಮ ಮಗನನ್ನು ಬಿಡಬೇಕಾ?" ಅಂತ ಕಾರ್ಯಪ್ಪನವರನ್ನು ಕೇಳಿಸಿದರು. ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ನನ್ನ ಮಗನಿಗೆ ಮಾತ್ರ ಬೇರೆ ಉಪಚಾರ ಬೇಡ ಅಂತ ಹೇಳಿಕಳಿಸಿದರು. ಯುದ್ಧ ಮುಗಿದ ಮೇಲೆ ಮಗ ಎಲ್ಲರ ಹಾಗೆ ಮನೆಗೆ ಬಂದರು.

ಆ ಮನೆಯಲ್ಲೂ ದುಃಖ ಇತ್ತು. ಆತಂಕ ಇತ್ತು. ಆದರೆ ಸುದ್ದಿ ಇತ್ತು. ಬದುಕಿದ್ದಾನೆ, ಇಂಥ ಕಡೆ ಇದ್ದಾನೆ ಅಂತ ತಿಳಿದಿತ್ತು.

ಈಗ ದೇವಯ್ಯನವರ ಕಥೆಗೆ ಬರೋಣ. ಅವರ ಪಕ್ಕದಲ್ಲಿ ಕಂಡವರು ಇರಲಿಲ್ಲ. ರೇಡಿಯೋದಲ್ಲಿ ಹೆಸರೂ ಬರಲಿಲ್ಲ.

ಸೆಪ್ಟೆಂಬರ್ 7ರ ಬೆಳಗ್ಗೆ

ದೇವಯ್ಯನವರು ಆಗ ವಾಯುಸೇನೆಯ ಒಂದನೇ ಸ್ಕ್ವಾಡ್ರನ್‌ನಲ್ಲಿ ಇದ್ದರು. ಪಂಜಾಬಿನ ಆದಂಪುರದಲ್ಲಿ ಅವರ ವಿಮಾನ ನೆಲೆ. ಅವರಿಗೆ 32 ವರ್ಷ ವಯಸ್ಸು. ಮನೆಯಲ್ಲಿ ಹೆಂಡತಿ ಸುಂದರಿ ಇದ್ದರು.

1965ರ ಸೆಪ್ಟೆಂಬರ್ 7. ಬೆಳಕು ಹರಿಯುವ ಮೊದಲೇ ವಿಮಾನಗಳು ಹೊರಟವು. ಹೋಗಬೇಕಾದದ್ದು ಪಾಕಿಸ್ತಾನದ ಸರ್ಗೋಧಾಕ್ಕೆ. ಅದು ಪಾಕಿಸ್ತಾನದ ಬಹಳ ದೊಡ್ಡ ವಿಮಾನ ನೆಲೆ. ಗಡಿ ದಾಟಿ ಬಹಳ ಒಳಗೆ ಹೋಗಬೇಕು. ವಿಮಾನದಲ್ಲಿ ಇರುವ ಎಣ್ಣೆ ಹೋಗಿ ಬರಲು ಮಾತ್ರ ಸಾಕು. ದಾರಿಯಲ್ಲಿ ಸುತ್ತಾಡಿದರೆ ಮನೆ ಮುಟ್ಟುವುದು ಕಷ್ಟ.

ದಾಳಿಗೆ 12 ವಿಮಾನ ಅಂತ ತೀರ್ಮಾನ ಆಗಿತ್ತು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಹೆಚ್ಚುವರಿ. ಹನ್ನೆರಡರಲ್ಲಿ ಯಾವುದಾದರೂ ಕೆಟ್ಟರೆ ಆ ಜಾಗಕ್ಕೆ ಹೋಗಲು ತಯಾರಾಗಿ ಇರಬೇಕು, ಅಷ್ಟೇ. ಯಾವುದೂ ಕೆಡದಿದ್ದರೆ ವಾಪಸು ಬರಬೇಕು.

ಆದರೆ ಒಂದು ವಿಮಾನ ಹೋಗಲಾಗದೆ ಹಿಂದೆ ಉಳಿಯಿತು. ಆ ಜಾಗಕ್ಕೆ ದೇವಯ್ಯ ಹೋದರು.

ಅವರು ಹಾರಿಸುತ್ತಿದ್ದ ವಿಮಾನದ ಹೆಸರು ಮಿಸ್ಟೇರ್. ಫ್ರಾನ್ಸ್ ದೇಶದಲ್ಲಿ ತಯಾರಾದದ್ದು. ಒಬ್ಬರೇ ಕೂರುವ ವಿಮಾನ. ಟ್ಯಾಂಕಿನಲ್ಲಿ ನಾಲ್ಕು ಜನ ಇರುತ್ತಾರೆ ಅಂದೆವಲ್ಲ? ಇಲ್ಲಿ ಓಡಿಸುವುದು, ದಾರಿ ನೋಡುವುದು, ಗುರಿ ಇಡುವುದು, ಹೊಡೆಯುವುದು ಎಲ್ಲ ಒಬ್ಬರೇ. ಪಕ್ಕದಲ್ಲಿ ಮಾತಾಡಲೂ ಜನ ಇಲ್ಲ.

ಸರ್ಗೋಧಾದ ಮೇಲೆ ದಾಳಿ ಆಯಿತು. ವಿಮಾನಗಳು ತಿರುಗಿ ಮನೆ ಕಡೆ ಹೊರಟವು. ಆಗ ಪಾಕಿಸ್ತಾನದ ಒಂದು ವಿಮಾನ ಬೆನ್ನು ಹತ್ತಿತು. ಅದರ ಹೆಸರು ಸ್ಟಾರ್‌ಫೈಟರ್. ಅಮೆರಿಕದಲ್ಲಿ ತಯಾರಾದದ್ದು. ಆ ಕಾಲಕ್ಕೆ ಬಹಳ ಹೊಸದು. ಶಬ್ದ ಹೋಗುವ ವೇಗದ ಎರಡರಷ್ಟು ವೇಗದಲ್ಲಿ ಹಾರುವಂಥದ್ದು. ಮಿಸ್ಟೇರ್‌ಗೆ ಅಷ್ಟು ವೇಗ ಇಲ್ಲ. ಓಡಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಸ್ಟಾರ್‌ಫೈಟರ್ ಓಡಿಸುತ್ತಿದ್ದವರು ಅಮ್ಜದ್ ಹುಸೇನ್. ಅವರ ಗುಂಡು ದೇವಯ್ಯನವರ ವಿಮಾನಕ್ಕೆ ಬಿತ್ತು. ವಿಮಾನಕ್ಕೆ ಪೆಟ್ಟಾಯಿತು. ಅಷ್ಟು ಪೆಟ್ಟು ತಿಂದ ಮೇಲೂ ದೇವಯ್ಯ ವಿಮಾನವನ್ನು ಹಿಡಿತಕ್ಕೆ ತಂದರು. ತಿರುಗಿ ನಿಂತರು. ಹೊಡೆದರು. ತನಗಿಂತ ದೊಡ್ಡ, ತನಗಿಂತ ವೇಗದ ವಿಮಾನವನ್ನು ಬೀಳಿಸಿದರು.

ಅಮ್ಜದ್ ಹುಸೇನ್ ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಿದರು. ಬದುಕಿದರು. ದೇವಯ್ಯ ಬದುಕಲಿಲ್ಲ. ಅವರ ವಿಮಾನವೂ ಅಲ್ಲೇ ಬಿತ್ತು.

ಜೊತೆಗೆ ಹೋದವರು ಆದಂಪುರಕ್ಕೆ ಮರಳಿದರು. ಅವರು ಆ ಕಾದಾಟವನ್ನು ನೋಡಿರಲಿಲ್ಲ. ದೇವಯ್ಯನವರ ವಿಮಾನ ಮಾತ್ರ ಬರಲಿಲ್ಲ. ಕಾದರು. ಬರಲಿಲ್ಲ.

'ಕಾಣೆಯಾಗಿದ್ದಾರೆ'

ಸೇನೆಯ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಒಂದೇ ಮಾತು. ಕಾಣೆಯಾಗಿದ್ದಾರೆ.

ಅಕ್ಕಂದಿರೇ, ಈ ಮಾತು ಎಷ್ಟು ಕಠಿಣ ಅಂತ ನಿಮಗೆ ಬಿಡಿಸಿ ಹೇಳಬೇಕಾ? ಸತ್ತರು ಅಂದರೆ ಅಳಬಹುದು. ಹತ್ತು ಜನ ಬಂದು ಜೊತೆಗೆ ಕೂರುತ್ತಾರೆ. ಕೊಡವರ ಮನೆಯಲ್ಲಿ ಸಾವಾದರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ. ಶಬ್ದ ಕೇಳಿ ಊರು ಸೇರುತ್ತದೆ. ಆದರೆ ಕಾಣೆಯಾದವರಿಗೆ ಗುಂಡು ಹಾರಿಸುವುದು ಹೇಗೆ? ತಿಥಿ ಮಾಡುವುದು ಯಾವ ದಿನ? ಕುಂಕುಮ ಅಳಿಸಬೇಕಾ, ಇಟ್ಟುಕೊಳ್ಳಬೇಕಾ? ಸೆರೆಯಲ್ಲಿ ಇರಬಹುದು ಅಂತ ಒಂದು ಮನಸ್ಸು ಹೇಳುತ್ತದೆ. ಇಲ್ಲ ಅಂತ ಇನ್ನೊಂದು ಮನಸ್ಸು ಹೇಳುತ್ತದೆ. ಬಾಗಿಲ ಕಡೆ ನೋಡುವುದು ತಪ್ಪುವುದಿಲ್ಲ.

ಯುದ್ಧ ನಿಂತಿತು. ಸೆರೆ ಸಿಕ್ಕವರು ಮರಳಿದರು. ಅವರಲ್ಲಿ ದೇವಯ್ಯ ಇರಲಿಲ್ಲ. ಆಮೇಲೆ ಅವರು ತೀರಿಕೊಂಡಿದ್ದಾರೆ ಅಂತ ಸೇನೆ ತೀರ್ಮಾನಿಸಿತು. ಎಲ್ಲಿ? ಹೇಗೆ? ಅದು ತಿಳಿಯಲಿಲ್ಲ.

ವರ್ಷ ಕಳೆಯಿತು. ಹತ್ತು ವರ್ಷ ಆಯಿತು. 1971ರಲ್ಲಿ ಇನ್ನೊಂದು ಯುದ್ಧವೂ ಆಗಿ ಹೋಯಿತು. ದೇವಯ್ಯನವರ ಸಾಹಸ ಗಡಿಯ ಆಚೆ ಮಣ್ಣಿನಲ್ಲೇ ಉಳಿಯಿತು.

ಎದುರಾಳಿಯ ಕಡೆಯಿಂದ ಬಂದ ಪುಸ್ತಕ

1979ರಲ್ಲಿ ಒಂದು ಪುಸ್ತಕ ಬಂತು. ಬರೆದವರು ಇಂಗ್ಲೆಂಡಿನ ಜಾನ್ ಫ್ರಿಕರ್. 1965ರ ವಿಮಾನ ಯುದ್ಧದ ಬಗ್ಗೆ, ಪಾಕಿಸ್ತಾನದ ಕಡೆಯ ದಾಖಲೆ ನೋಡಿ ಬರೆದ ಪುಸ್ತಕ. ಪಾಕಿಸ್ತಾನದ ವಾಯುಸೇನೆಯನ್ನು ಹೊಗಳುವ ಪುಸ್ತಕ ಅದು. ಆದರೂ ಅದರಲ್ಲಿ ಒಂದು ಸತ್ಯ ಸೇರಿತ್ತು. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಬಿದ್ದಿತು. ಅದನ್ನು ಬೀಳಿಸಿದ್ದು ಭಾರತದ ಒಂದು ಮಿಸ್ಟೇರ್.

ನಮ್ಮ ವಾಯುಸೇನೆಯವರು ಇದನ್ನು ಓದಿದರು. ಓದಿ ಬೆರಗಾದರು. ಯಾವ ಮಿಸ್ಟೇರ್? ಯಾರು ಹಾರಿಸುತ್ತಿದ್ದರು?

ಲೆಕ್ಕ ಹಾಕಿದರು. ನೀವು ಸಂಜೆ ಕೊಟ್ಟಿಗೆಯಲ್ಲಿ ದನ ಎಣಿಸುತ್ತೀರಲ್ಲ, ಹಾಗೆ. ಆ ಬೆಳಗ್ಗೆ ಹೋದವರು ಯಾರು? ಬಂದವರು ಯಾರು? ಬಂದವರಲ್ಲಿ ಒಬ್ಬರೂ ಸ್ಟಾರ್‌ಫೈಟರ್ ಜೊತೆ ಕಾದಾಡಿದ್ದೇವೆ ಅಂತ ಹೇಳಿಲ್ಲ. ಹಾಗಾದರೆ ಕಾದಾಡಿದವರು ಬಾರದೆ ಉಳಿದವರೇ ಇರಬೇಕು. ಆ ತಂಡದಲ್ಲಿ ಬಾರದೆ ಉಳಿದವರು ಒಬ್ಬರೇ. ಅಜ್ಜಮಾಡ ದೇವಯ್ಯ.

ನೋಡಿ. ಅವರ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಎದುರಾಳಿಯ ದಾಖಲೆ. ಅಲ್ಲಿ ಯಾರೋ ಬರೆದಿಟ್ಟಿದ್ದರು. ಅದನ್ನು ಒಬ್ಬರು ಪುಸ್ತಕ ಮಾಡಿದರು. ಪುಸ್ತಕವನ್ನು ಇಲ್ಲಿ ಓದಿದರು. ಓದಿದವರು ಸುಮ್ಮನೆ ಕೂರಲಿಲ್ಲ. ಕಾಗದ ಬರೆದರು. ಇವರಿಗೆ ನ್ಯಾಯ ಸಿಗಬೇಕು ಅಂತ ಕೇಳಿದರು. ಕೇಳುತ್ತಲೇ ಇದ್ದರು.

ಇನ್ನೊಂದು ವಿಷಯವೂ ಪಾಕಿಸ್ತಾನದ ಕಡೆಯಿಂದಲೇ ತಿಳಿಯಿತು. ದೇವಯ್ಯನವರ ದೇಹ ಅಲ್ಲಿನ ಹಳ್ಳಿಯವರಿಗೆ ಸಿಕ್ಕಿತ್ತು. ಅವರೇ ಮಣ್ಣು ಮಾಡಿದರು. ತಮ್ಮ ದೇಶದ ಮೇಲೆ ದಾಳಿಗೆ ಬಂದವರು ಅಂತ ಅವರಿಗೆ ಗೊತ್ತಿತ್ತು. ಆದರೂ ಹೆಣವನ್ನು ಹಾಗೇ ಬಿಡಲಿಲ್ಲ. ಯುದ್ಧ ಸರ್ಕಾರಗಳ ನಡುವೆ ಇರುತ್ತದೆ. ಹೆಣ ಕಂಡರೆ ಮಣ್ಣು ಮಾಡುವ ಮನುಷ್ಯ ಧರ್ಮ ಎಲ್ಲ ಕಡೆಯೂ ಇದೆ.

ಪದಕ ಬಂತು

1988ರಲ್ಲಿ ಸರ್ಕಾರ ದೇವಯ್ಯನವರಿಗೆ ಮಹಾ ವೀರ ಚಕ್ರ ಕೊಟ್ಟಿತು. 1965ರಿಂದ 1988. ಕಳೆದು ನೋಡಿ. 23 ವರ್ಷ.

ಯುದ್ಧದ ಶೌರ್ಯಕ್ಕೆ ಮೂರು ಚಕ್ರ ಇವೆ. ಮೊದಲನೆಯದು ಪರಮ ವೀರ ಚಕ್ರ. ಎರಡನೆಯದು ಮಹಾ ವೀರ ಚಕ್ರ. ಮೂರನೆಯದು ವೀರ ಚಕ್ರ. ಮಹಾ ವೀರ ಚಕ್ರ ಬೆಳ್ಳಿಯದು. ದುಂಡಗೆ ಇರುತ್ತದೆ. ಅದರ ಮೇಲೆ ಐದು ಮೂಲೆಯ ನಕ್ಷತ್ರ ಇದೆ. ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣ.

ಈ ಪದಕಗಳ ಚಿತ್ರ ಬರೆದುಕೊಟ್ಟವರು ಯಾರು ಗೊತ್ತಾ? ಒಬ್ಬ ಹೆಂಗಸು. ಅವರ ಹೆಸರು ಸಾವಿತ್ರಿಬಾಯಿ ಖಾನೋಲ್ಕರ್. ಅವರು ಹುಟ್ಟಿದ್ದು ಸ್ವಿಟ್ಜರ್ಲೆಂಡ್ ದೇಶದಲ್ಲಿ, 1913ರಲ್ಲಿ. ಇಲ್ಲಿಗೆ ಬಂದು ನಮ್ಮ ಸೈನ್ಯದ ಅಧಿಕಾರಿಯನ್ನು ಮದುವೆಯಾದರು. ದೊಡ್ಡವರಾದ ಮೇಲೆ ಇಲ್ಲಿನ ಭಾಷೆ ಕಲಿತರು. ಸಂಸ್ಕೃತ ಕಲಿತರು. ಪುರಾಣ ಓದಿದರು. ವಯಸ್ಸಾದ ಮೇಲೆ ಅಕ್ಷರ ಹತ್ತುತ್ತಾ ಅಂತ ಕೇಳುವವರಿಗೆ ಈ ಕಥೆ ಹೇಳಿ.

ದೇವಯ್ಯನವರ ಪದಕವನ್ನು ಸುಂದರಿಯವರು ತೆಗೆದುಕೊಂಡರು. 23 ವರ್ಷ ಒಂಟಿಯಾಗಿ ಸಂಸಾರ ನಡೆಸಿದ ಮೇಲೆ ಬಂದ ಪದಕ ಅದು. ಬೆಳ್ಳಿಯ ಒಂದು ಬಿಲ್ಲೆ ಹೋದ ಗಂಡನನ್ನು ತಂದುಕೊಡುವುದಿಲ್ಲ. ಆದರೆ ಅವರು ಹೇಗೆ ಹೋದರು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಓಡಿ ಹೋಗುವಾಗ ಸತ್ತವರಲ್ಲ, ತಿರುಗಿ ನಿಂತು ಹೋರಾಡಿ ಸತ್ತವರು ಅಂತ ದೇಶಕ್ಕೆ ತಿಳಿಯಿತು. ಒಂದು ಮನೆಗೆ ಅದು ಸಣ್ಣ ವಿಷಯ ಅಲ್ಲ.

2025ರಲ್ಲಿ 'ಸ್ಕೈ ಫೋರ್ಸ್' ಅಂತ ಒಂದು ಹಿಂದಿ ಸಿನಿಮಾ ಬಂತು. ಅದಕ್ಕೆ ಈ ಘಟನೆಯೇ ಆಧಾರ. ಆದರೆ ಸಿನಿಮಾದಲ್ಲಿ ಹೆಸರು ಬೇರೆ ಇಟ್ಟಿದ್ದಾರೆ. ಸಿನಿಮಾ ನೋಡಿದ ಮಕ್ಕಳು ನಿಮ್ಮನ್ನು ಕೇಳಬಹುದು. ನಿಜವಾದ ಹೆಸರು ನೀವು ಹೇಳಿ.

ನಮ್ಮ ಮನೆಯ ಕಾಗದ

ಈ ಕಥೆಯಿಂದ ನಾವು ಮನೆಗೆ ಏನು ತಗೊಂಡು ಹೋಗಬೇಕು? ದೇವಯ್ಯನವರ ಹಾಗೆ ವಿಮಾನ ಹಾರಿಸುವ ಕೆಲಸ ನಮಗೆ ಬಾರದೆ ಇರಬಹುದು. ಆದರೆ ಕಾಗದದ ಕೆಲಸ ಎಲ್ಲರಿಗೂ ಬರುತ್ತದೆ. ಬರೆದಿಟ್ಟರೆ ಸತ್ಯ ತಡವಾಗಿಯಾದರೂ ಹೊರಗೆ ಬರುತ್ತದೆ. ಬರೆಯದೆ ಹೋದರೆ, ಕಂಡವರು ಹೋದ ಮೇಲೆ ಅದೂ ಹೋಗುತ್ತದೆ.

ಸೈನಿಕರ ಮನೆಯವರು ಇಲ್ಲಿದ್ದೀರಿ. ನೀವು ಇವನ್ನು ನೋಡಿಕೊಳ್ಳಿ. ಗಂಡನ ಸೇವಾ ದಾಖಲೆಯಲ್ಲಿ ನಿಮ್ಮ ಹೆಸರು ಬರೆಸಿದ್ದಾರಾ? ಅಕ್ಷರ ಸರಿ ಇದೆಯಾ? ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಅಲ್ಲಿ ಒಂದು ಹೆಸರು ಇದ್ದರೆ ಮುಂದೆ ಪಿಂಚಣಿಗೆ ತೊಂದರೆ. ಮಕ್ಕಳ ಹೆಸರು, ಹುಟ್ಟಿದ ದಿನ ಸೇರಿಸಿದ್ದಾರಾ? ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶದ ಕಾಗದ ಎಲ್ಲಿದೆ? ಅದರ ನಂಬರು ಒಂದು ಪುಸ್ತಕದಲ್ಲಿ ಬರೆದಿಡಿ. ಸಂಶಯ ಇದ್ದರೆ ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ. ಅಲ್ಲಿ ಹೋಗಿ ಕೇಳಿ. ಕೇಳಲು ನಾಚಿಕೆ ಬೇಡ.

ತೋಟದಲ್ಲಿ ದುಡಿಯುವವರು ಹಾಜರಿ ಪುಸ್ತಕ ನೋಡಿ. ಬಂದ ದಿನ ಬರೆದಿದ್ದಾರಾ ನೋಡಿ. ಪಿ.ಎಫ್. ನಂಬರು ಬರೆದಿಟ್ಟುಕೊಳ್ಳಿ. ಹೆಬ್ಬೆಟ್ಟು ಒತ್ತುವ ಮೊದಲು, ಈಗ ಸಹಿ ಹಾಕುವ ಮೊದಲು, ಮೇಲೆ ಏನು ಬರೆದಿದೆ ಓದಿ.

ಮನೆಯಲ್ಲಿ ಮಗು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ 21 ದಿನದ ಒಳಗೆ ತಿಳಿಸಿ ದಾಖಲೆ ಮಾಡಿಸಿ. ಸಾವಿನ ಕಾಗದ ಇಲ್ಲದೆ ಜಮೀನು, ಬ್ಯಾಂಕು, ಪಿಂಚಣಿ ಯಾವ ಕೆಲಸವೂ ಸಲೀಸಾಗಿ ಆಗುವುದಿಲ್ಲ.

ಮನೆಯವರು ಯಾರಾದರೂ ಕಾಣೆಯಾದರೆ ತಕ್ಷಣ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ. ದೂರಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಕಾಣೆಯಾದವರ ಸುದ್ದಿ ಏಳು ವರ್ಷ ಮನೆಯವರಿಗೆ ಬಾರದಿದ್ದರೆ, ಅವರು ತೀರಿಕೊಂಡಿದ್ದಾರೆ ಅಂತ ನ್ಯಾಯಾಲಯ ಒಪ್ಪಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಏಳು ವರ್ಷ ಎಲ್ಲಿಂದ ಎಣಿಸಬೇಕು? ಅದಕ್ಕೂ ಕಾಗದ ಬೇಕು. ಆ ದೂರಿನ ಪ್ರತಿಯೇ ಆಗ ಸಾಕ್ಷಿ.

ತಾರಾಪೋರ್ ಅವರನ್ನು ನೂರಾರು ಜನ ಕಂಡರು. ದೇವಯ್ಯನವರನ್ನು ಎದುರಾಳಿ ಒಬ್ಬರೇ ಕಂಡರು. ಇಬ್ಬರ ಶೌರ್ಯವೂ ಶೌರ್ಯವೇ. ಯಾರೂ ಕಾಣದ ಶೌರ್ಯ ಇನ್ನೂ ಎಷ್ಟೋ ಇರಬಹುದು. ಯುದ್ಧದಲ್ಲಿ ಮಾತ್ರ ಅಲ್ಲ. ನಿಮ್ಮ ಅಜ್ಜಿ ಏನು ಮಾಡಿದರು, ನಿಮ್ಮ ಅವ್ವ ಹೇಗೆ ಮನೆ ಉಳಿಸಿದರು ಅಂತ ಯಾರಾದರೂ ಬರೆದಿದ್ದಾರಾ? ಇಲ್ಲ. ಬರೆಯಲು ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಿಮಗೆ ಬರುತ್ತದೆ.

ಇವತ್ತಿನ ಬರವಣಿಗೆ

1. ದೇವಯ್ಯನವರ ಪೂರ್ತಿ ಹೆಸರನ್ನು ನೋಡದೆ ಬರೆಯಿರಿ.
2. 1965ರಿಂದ 1988ಕ್ಕೆ ಎಷ್ಟು ವರ್ಷ? ಕಳೆದು ಬರೆಯಿರಿ.
3. ದೇವಯ್ಯನವರ ಸಾಹಸ ಹೇಗೆ ಹೊರಗೆ ಬಂತು? ಮೂರು ಸಾಲು ಬರೆಯಿರಿ.
4. ನಿಮ್ಮ ಮನೆಯ ಒಬ್ಬ ಹಿರಿಯರ ಹೆಸರು, ಊರು, ಅವರು ಮಾಡಿದ ಒಂದು ಒಳ್ಳೆಯ ಕೆಲಸ ಬರೆಯಿರಿ. ಗೊತ್ತಿದ್ದರೆ ಇಸವಿಯನ್ನೂ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.

ನಾಳೆ ಬರುವಾಗ ನಾಲ್ಕನೆಯದನ್ನು ತನ್ನಿ. ಒಬ್ಬೊಬ್ಬರೂ ನಿಂತು ಓದಿ. ನಾವೆಲ್ಲ ಕೂತು ಕೇಳುತ್ತೇವೆ.